ಹದಿನೈದು ಹೆಜ್ಜೆ ದೂರದ ಇಲಿ

ಗುರುವಾರ ಬೆಳಗ್ಗೆ ತೋಟಕ್ಕೆ ಹೋದ ಅಲ್ವಿನ್ ಸ್ಟೋಬ್ಸ್‌ಗೆ ಲೀಕ್ ಗಿಡವೊಂದರ ಬುಡದಲ್ಲಿ ಹಲ್ಲಿನ ಗುರುತು ಕಂಡಿತು. ಅವನಿಗೆ ಮೊದಲು ನೆನಪಾದದ್ದು ಇಲಿಯಲ್ಲ, ರೆಜ್ ಹೆಸ್ಲಪ್‌ನ ಕಟ್ಟಿಸಿದ ಹಲ್ಲುಸೆಟ್ಟು.

ಇದು ಅತಿಯಾಯಿತು ಎನ್ನುವವರು ಉತ್ತರ ಇಂಗ್ಲೆಂಡಿನ ನಮ್ಮ ಡರ್ಹಮ್ ಕಡೆಯ ಗಣಿ ಊರಲ್ಲಿ ಒಂದು ಸೆಪ್ಟೆಂಬರ್ ಕಳೆಯಬೇಕು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಲೀಕ್ ಶೋ ಎಂಬ ಸ್ಪರ್ಧೆ ಮಾತ್ರ ನಿಂತಿಲ್ಲ. ಈರುಳ್ಳಿಯ ದಾಯಾದಿಯಾದ ಈ ಬಿಳಿ ದಂಟನ್ನು ತೋಳಿನ ಗಾತ್ರಕ್ಕೆ ಬೆಳೆಸುವ ಭರದಲ್ಲಿ ಗಂಡಸರು ಹೆಂಡತಿಯ ಹುಟ್ಟುಹಬ್ಬ ಮರೆಯುತ್ತಾರೆ. ಬೇರೆ ಕಡೆಯಿಂದ ಗಿಡ ತಂದಿಟ್ಟು ಗೆಲ್ಲಬಾರದೆಂದು ಶೋಗೆ ಒಂದು ತಿಂಗಳ ಮೊದಲೇ ಸಮಿತಿಯವರು ಪ್ರತಿ ಗಿಡದ ಎಲೆಗೂ ರಬ್ಬರ್ ಮುದ್ರೆ ಒತ್ತಿ ಹೋಗುತ್ತಾರೆ. ಮುದ್ರೆ ಬಿದ್ದ ದಿನದಿಂದ ಎಲ್ಲರೂ ಎಲ್ಲರನ್ನೂ ಕಳ್ಳರಂತೆ ನೋಡುತ್ತಾರೆ. ಮಾತುಕತೆಯೆಲ್ಲ ಗೇಟಿನ ಹೊರಗಿನಿಂದಲೇ.

ಅಲ್ವಿನ್ ಹನ್ನೊಂದು ವರ್ಷದಿಂದ ಎರಡನೆಯ ಸ್ಥಾನದಲ್ಲಿದ್ದ. ಹನ್ನೊಂದು ವರ್ಷವೂ ಮೊದಲನೆಯವನು ರೆಜ್. ಈ ಸಲ ಅಲ್ವಿನ್‌ನ ಗಿಡಗಳು ರೆಜ್‌ನವಕ್ಕಿಂತ ಒಂದು ಹೆಬ್ಬೆರಳು ದಪ್ಪವಾಗಿದ್ದವು. ಶೋಗೆ ಮೂರು ಗಿಡ ಇಡಬೇಕು, ಅವನ ಬಳಿ ಒಳ್ಳೆಯವು ನಾಲ್ಕಿದ್ದವು. ಈಗ ಉಳಿದದ್ದು ಸರಿಯಾಗಿ ಮೂರು. ಶೋ ಶನಿವಾರ.

ಬುಡದಲ್ಲಿ ಹಿಕ್ಕೆ ಕಂಡ ಮೇಲೆ ರೆಜ್ ಮೇಲಿನ ಅನುಮಾನ ಸ್ವಲ್ಪ ಇಳಿಯಿತು. ಮನೆಗೆ ಬಂದು ಇಲಿಯ ಸುದ್ದಿ ಹೇಳಿದ.

"ವಿಷ ಇಟ್ಟೀಯಾ, ಪಕ್ಕದ ಮನೆ ಬೆಕ್ಕು ತಿಂದು ಸಾಯುತ್ತೆ," ಎಂದಳು ಹೆಂಡತಿ ಡೋರಿನ್. "ಏರ್‌ಗನ್ ತರೋದಾದ್ರೆ ತಾ. ಆದ್ರೆ ಒಂದೇ ಏಟಿಗೆ ಹೋಗ್ಬೇಕು. ಅದು ನರಳಿದ್ರೆ ನೀನೂ ಈ ಮನೇಲಿ ನರಳ್ತೀಯ."

ಪೇಟೆಯ ಬಂದೂಕಿನ ಅಂಗಡಿಯಾತ ಅಲ್ವಿನ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಯಾವುದಕ್ಕೆ ಸಾರ್?"

"ಇಲಿಗೆ. ಇರೋದ್ರಲ್ಲಿ ಜೋರಾದ್ದು ಕೊಡಿ."

"ಜೋರು ಅಂದ್ರೆ ಹನ್ನೆರಡು ಅಡಿ-ಪೌಂಡ್ ಶಕ್ತೀದು. ಅದಕ್ಕಿಂತ ಹೆಚ್ಚಿಗೆ ಬೇಕಾದ್ರೆ ಪೊಲೀಸ್ ಪರವಾನಗಿ ತನ್ನಿ. ಇಲಿಗೆ ಇಷ್ಟೇ ಧಾರಾಳ."

ಅಲ್ವಿನ್ ಮೊನಚು ಮೂತಿಯ ಗುಂಡುಗಳ ಡಬ್ಬಿಗೆ ಕೈ ಹಾಕಿದ. ಅಂಗಡಿಯಾತ ಅದನ್ನು ಕಿತ್ತು ಬದಿಗಿಟ್ಟ.

"ಅದು ನೋಡೋಕೆ ಚೆಂದ, ಅಷ್ಟೇ. ದುಂಡು ತಲೇದು ತಗೊಳ್ಳಿ, ನೇರ ಹೋಗುತ್ತೆ. ಎರಡು ಮೂರು ಥರದ್ದು ಕೊಡ್ತೀನಿ, ಕಾಗದಕ್ಕೆ ಹೊಡೆದು ನೋಡಿ. ಒಂದೊಂದು ಬಂದೂಕಿಗೆ ಒಂದೊಂದು ಒಗ್ಗುತ್ತೆ. ಐದಕ್ಕೆ ಐದೂ ಒಂದು ಪೆನ್ನಿ ನಾಣ್ಯದಷ್ಟಗಲದಲ್ಲಿ ಬೀಳೋ ದೂರ ಎಷ್ಟೋ, ಅಷ್ಟೇ ನಿಮ್ಮ ದೂರ. ಅದರಾಚೆ ಇಲಿ ಕಂಡ್ರೆ ನಮಸ್ಕಾರ ಹೇಳಿ ಬಿಟ್ಬಿಡಿ. ತಲೆಗೆ ಬಿದ್ರೆ ಅದಕ್ಕೆ ಗೊತ್ತೂ ಆಗಲ್ಲ. ಬೇರೆ ಕಡೆ ಬಿದ್ರೆ ಪಾಪ ನಿಮ್ಮದು."

ಈ ಮಾತು ಅಲ್ವಿನ್‌ನ ಮನಸ್ಸಿಗೆ ನಾಟಿತು. ಅವನು ಅನುಮಾನದ ಪ್ರಾಣಿ ನಿಜ, ಆದರೆ ಕ್ರೂರಿಯಲ್ಲ.

ವಾಪಸು ಬರುವ ಬಸ್ಸಿನಲ್ಲಿ ಲೀಕ್ ಸಮಿತಿಯ ಕಾರ್ಯದರ್ಶಿ ಮೇವಿಸ್ ಟ್ರಾಟರ್ ಪಕ್ಕದಲ್ಲೇ ಬಂದು ಕೂತಳು. ಅವಳ ಕಣ್ಣು ಉದ್ದನೆಯ ಪೊಟ್ಟಣದ ಮೇಲೆ ಬಿತ್ತು.

"ಏನದು ಅಲ್ವಿನ್?"

"ಗಾಳ. ಮೀನಿಗೆ."

"ನಿಂಗೆ ಮೀನು ಕಂಡ್ರೆ ವಾಂತಿ ಅಲ್ವಾ?"

"ಹಿಡಿಯೋಕೆ ಅಂದೆ. ತಿನ್ನೋಕೆ ಅಂದ್ನಾ?"

ಅಷ್ಟರಲ್ಲಿ ಬಸ್ಸು ಕುಲುಕಿ ಅವನ ಜೇಬಿನ ಡಬ್ಬಿಗಳು ಗಲಗಲ ಎಂದವು. ಮೇವಿಸ್ ಇನ್ನೇನೂ ಕೇಳಲಿಲ್ಲ. ಅವಳು ಕೇಳದೆ ಸುಮ್ಮನಾದಳೆಂದರೆ ಊರಿಗೆಲ್ಲ ಹೇಳುತ್ತಾಳೆಂದೇ ಅರ್ಥ.

ತೋಟದಲ್ಲಿ ಅಲ್ವಿನ್ ಮಣ್ಣಿನ ಮೂಟೆಗೆ ಒಂದು ಕಾಗದ ಚುಚ್ಚಿ, ಪೆನ್ನಿ ಇಟ್ಟು ಗೆರೆ ಎಳೆದು, ಅಭ್ಯಾಸ ಶುರುಮಾಡಿದ. ಇಪ್ಪತ್ತೈದು ಹೆಜ್ಜೆಯಿಂದ ಗುಂಡುಗಳು ದಿಕ್ಕಾಪಾಲಾದವು. ಇಪ್ಪತ್ತರಿಂದ ಎರಡು ಹೊರಗೆ. ಡಬ್ಬಿ ಬದಲಿಸಿದ, ಬೇರೆ ಕಾಗದ ಚುಚ್ಚಿ ಹೊಸ ಗೆರೆ ಎಳೆದ. ಹದಿನೈದು ಹೆಜ್ಜೆಯಿಂದ ಐದೂ ಪೆನ್ನಿಯೊಳಗೇ ಬಿದ್ದವು. ಅವನಿಗೆ ತನ್ನ ಮೇಲೆಯೇ ಹೆಮ್ಮೆಯಾಯಿತು.

ಗೇಟಿನಾಚೆ ಯಾರೋ ಕೆಮ್ಮಿದರು. ರೆಜ್ ಹೆಸ್ಲಪ್ ಮತ್ತು ಮೇವಿಸ್.

"ಆ ಕಾಗದ ತಿರುಗಿಸು," ಎಂದ ರೆಜ್.

ಅಲ್ವಿನ್ ತಿರುಗಿಸಿದ. ಅದು ಸಮಿತಿಯ ಪತ್ರಿಕೆಯ ಹಾಳೆ. ಹಿಂಬದಿಯಲ್ಲಿ ಅಧ್ಯಕ್ಷ ರೆಜ್ ಹೆಸ್ಲಪ್ ಫೋಟೋದಲ್ಲಿ ಗೆದ್ದ ಕಪ್ ಹಿಡಿದು ನಗುತ್ತಿದ್ದ. ಮೂಗಿರಬೇಕಾದ ಜಾಗದಲ್ಲಿ ಐದು ತೂತು.

"ಗಾಳ ಅಂದಿದ್ದ ನಂಗೆ," ಎಂದಳು ಮೇವಿಸ್.

"ಇಲಿಗೆ ಕಣೋ ರೆಜ್, ದೇವರಾಣೆ."

"ನನ್ನ ನೀಲಿ ಪಾರಿವಾಳ ಮಂಗಳವಾರದಿಂದ ವಾಪಸು ಬಂದಿಲ್ಲ."

"ನಾನಿದನ್ನ ತಗೊಂಡಿದ್ದೇ ಇವತ್ತು ಬೆಳಗ್ಗೆ. ಇಲ್ನೋಡು, ಬಿಲ್ಲಲ್ಲಿ ಟೈಮೂ ಇದೆ, ಒಂಬತ್ತೂ ನಲವತ್ತು."

ರೆಜ್ ಬಿಲ್ಲನ್ನು ಗೇಟಿನ ಮೇಲಿಂದಲೇ ಇಸಕೊಂಡು ಓದಿದ. "ಯಾರಾದ್ರೂ ಬಿಲ್ಲು ಇಟ್ಕೊಳ್ತಾರಾ? ಅಲ್ಲೇ ಇರೋದು ನನ್ನ ಅನುಮಾನ."

ಅನುಮಾನಕ್ಕೆ ಮದ್ದಿಲ್ಲವೆಂದು ನೋಡಿ ಅಲ್ವಿನ್ ಸುಮ್ಮನೆ ಕೂತ. ಅವರೂ ಕೂತರು, ಗೇಟಿನ ಹೊರಗೆ, ಮಡಚುವ ಕುರ್ಚಿ ತಂದು. ಮಧ್ಯಾಹ್ನದ ಹೊತ್ತಿಗೆ ಇನ್ನೂ ಐದಾರು ಜನ ಸೇರಿದರು. ಒಬ್ಬರೂ ಒಳಗೆ ಕಾಲಿಡಲಿಲ್ಲ, ಒಬ್ಬರೂ ಕಣ್ಣು ಕೀಳಲಿಲ್ಲ. ಬಂದೂಕು ಎತ್ತಿದರೆ "ಎತ್ತಿದ" ಎನ್ನುವರು, ಇಳಿಸಿದರೆ "ಯಾಕೆ ಇಳಿಸಿದ" ಎನ್ನುವರು. ಡೋರಿನ್ ಚಹಾ ತಂದರೆ ಅದರಲ್ಲೇನಿದೆ ಎಂದು ಮೇವಿಸ್ ಇಣುಕಿದಳು. ಇಷ್ಟು ಜನರ ಮುಂದೆ ಮಾನವಿರುವ ಇಲಿ ಹೇಗೆ ಬಂದೀತು?

ನಾಲ್ಕು ಗಂಟೆಗೆ ರೆಜ್ ಪಾರಿವಾಳಗಳಿಗೆ ಕಾಳು ಹಾಕಲು ತನ್ನ ತೋಟಕ್ಕೆ ಹೋದ. ಎರಡೇ ನಿಮಿಷಕ್ಕೆ ಓಡಿಬಂದ, ಮುಖ ಸುಣ್ಣದಂತಾಗಿತ್ತು.

"ಇಲಿ. ನನ್ನ ಲೀಕ್ ಮಡೀಲಿ. ಗಿಡದ ಬುಡಕ್ಕೇ ಹೋಗ್ತಿದೆ. ಅಲ್ವಿನ್, ನಿನ್ನ ಕಾಲು ಹಿಡೀತೀನಿ, ಬಾ ಮಾರಾಯಾ."

ಅಲ್ವಿನ್ ಏಳಲಿಲ್ಲ. ಹನ್ನೊಂದು ವರ್ಷ ಅವನ ಕಣ್ಣೆದುರು ಹಾದುಹೋಯಿತು. ಸುಮ್ಮನೆ ಕೂತು ಚಹಾ ಮುಗಿಸಿದರೆ ಸಾಕಿತ್ತು, ಮಿಕ್ಕಿದ್ದನ್ನು ಇಲಿ ನೋಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ಡೋರಿನ್ ಅವನ ಕಡೆ ನೋಡಿದಳು. ಅವನು ಚಹಾ ಕೆಳಗಿಟ್ಟು ಎದ್ದ.

ರೆಜ್‌ನ ಗೇಟಿನಲ್ಲಿ ಎಲ್ಲರೂ ನಿಂತರು. ಇಲಿ ಕಾಣುತ್ತಿತ್ತು, ಗಿಡದಿಂದ ಎರಡು ಗೇಣು ಈಚೆಗೆ ಕಾಳು ಹೆಕ್ಕುತ್ತಿತ್ತು. ಗೇಟಿನಿಂದ ಮೂವತ್ತು ಹೆಜ್ಜೆ ಇದ್ದೀತು.

"ಇಲ್ಲಿಂದಲೇ ಹೊಡಿ," ಎಂದು ಯಾರೋ ಪಿಸುಗುಟ್ಟಿದರು.

"ನನ್ನ ದೂರ ಹದಿನೈದು," ಎಂದ ಅಲ್ವಿನ್. "ಇಲ್ಲಿಂದ ಹೊಡೆದ್ರೆ ಎಲ್ಲಿಗೋ ಬಿದ್ದು ನರಳುತ್ತೆ."

ಅವನು ಗೇಟು ತೆರೆದು ಒಳಹೊಕ್ಕ. ರೆಜ್‌ನ ಮಡಿಯ ನಡುವೆ ಮೊಣಕಾಲೂರಿ, ತೆವಳಿ, ಎಣಿಸಿದಂತೆ ಹದಿನೈದು ಹೆಜ್ಜೆಗೆ ನಿಂತ. ಇಲಿಯ ಹಿಂದೆ ಬರೀ ಮಣ್ಣಿನ ದಿಬ್ಬವಿರುವುದನ್ನು ನೋಡಿಕೊಂಡ. ಉಸಿರು ಬಿಟ್ಟು ಬಂದೂಕಿನ ಕುದುರೆ ಒತ್ತಿದ. ಇಲಿ ಇದ್ದಲ್ಲೇ ಮಲಗಿತು. ಬಾಲ ಕೂಡ ಅಲುಗಲಿಲ್ಲ.

ರೆಜ್ ಒಳಗೆ ನುಗ್ಗಿ ಅವನನ್ನು ಅಪ್ಪಿಕೊಂಡು, ಹೆಗಲ ಮೇಲೆ ಕೈ ಹಾಕಿ ಗೇಟಿನವರೆಗೂ ಕರೆತಂದ. "ಬೆಳಗ್ಗಿಂದ ನಿನ್ನ ಮೇಲೆ ಏನೇನೋ ಅಂದ್ಕೊಂಡೆ. ತಪ್ಪಾಯ್ತು ಕಣೋ." ಗೇಟಿನ ಹೊರಗೆ ಚಪ್ಪಾಳೆ ಬಿತ್ತು. ಅಲ್ವಿನ್‌ಗೆ ಕಣ್ಣು ತುಂಬಿಬಂತು. ಮೊದಲ ಸ್ಥಾನ ಬಂದಿದ್ದರೂ ಇಷ್ಟು ಸಂತೋಷ ಆಗುತ್ತಿರಲಿಲ್ಲವೇನೋ.

ಮೇವಿಸ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳು ಚೀಲದಿಂದ ಸಮಿತಿಯ ಪುಸ್ತಕ ತೆಗೆದಳು.

"ಅಲ್ವಿನ್, ನಂಗೂ ಬೇಜಾರೇ. ಆದ್ರೆ ನಿಯಮ ನಿಯಮಾನೇ. ಮುದ್ರೆ ಬಿದ್ದ ಮೇಲೆ ಇನ್ನೊಬ್ಬರ ಲೀಕ್ ಮಡಿಗೆ ಕಾಲಿಟ್ಟವನ ಗಿಡಗಳನ್ನ ಆ ವರ್ಷ ಶೋಗೆ ತಗೊಳ್ಳೋ ಹಾಗಿಲ್ಲ."

"ಅವನೇ ಕರೆದನಲ್ಲ."

"ಕರೆದ್ರೂ ಇಲ್ಲ, ಕರೀದಿದ್ರೂ ಇಲ್ಲ ಅಂತ ಬರೆದಿದೆ."

"ಯಾವ ಮುಠ್ಠಾಳ ತಂದ ಈ ನಿಯಮಾನ?"

ಮೇವಿಸ್ ಹಾಳೆ ತಿರುವಿ ಕನ್ನಡಕ ಸರಿಮಾಡಿಕೊಂಡಳು. "ಹೋದ ಮಾರ್ಚ್ ಸಭೆ. ಸೂಚಿಸಿದವರು, ಅಲ್ವಿನ್ ಸ್ಟೋಬ್ಸ್. ಕಾರಣ, ಅಧ್ಯಕ್ಷರ ಓಡಾಟದ ಮೇಲೆ ಅನುಮಾನ. ಒಪ್ಪಿದವರು ಒಬ್ಬರನ್ನು ಬಿಟ್ಟು ಎಲ್ಲರೂ. ವಿರೋಧಿಸಿದವರು, ರೆಜ್ ಹೆಸ್ಲಪ್."

ರೆಜ್ ಅಲ್ವಿನ್‌ನ ಹೆಗಲ ಮೇಲಿನ ಕೈಯನ್ನು ಇನ್ನೂ ತೆಗೆದಿರಲಿಲ್ಲ.

"ನಾನು ಅವತ್ತೇ ಬಡ್ಕೊಂಡೆ ಮಾರಾಯಾ," ಎಂದ, ನಿಜವಾಗಿಯೂ ನೊಂದು. "ಒಂದೇ ಊರಿನವರು ಒಬ್ಬರನ್ನೊಬ್ಬರು ಇಷ್ಟು ಅನುಮಾನಿಸಬಾರದು ಅಂತ."

ಅಲ್ವಿನ್ ಅವನ ಮುಖವನ್ನೇ ನೋಡುತ್ತ ನಿಂತ. ಡೋರಿನ್ ಗೇಟಿನಿಂದ ಕೈ ಚಾಚಿ ಗಂಡನನ್ನು ಹೊರಗೆಳೆದುಕೊಂಡಳು. ಬಂದೂಕನ್ನು ಇಸಕೊಂಡಳು. ಆಮೇಲೆ ಅವನ ಜೇಬಿಗೂ ಕೈ ಹಾಕಿ, ಗುಂಡಿನ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.