ಉಬುಂಟು ಉಂಟಾ, ಅತ್ತೆ?

ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ವಿಷಯದಲ್ಲಿ ಮೂಡಬಿದಿರೆಯಿಂದ ಬಂಟ್ವಾಳದವರೆಗೆ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಬೇರೆ ಯಾರಿಗೂ ಆ ನಂಬಿಕೆ ಇರಲಿಲ್ಲ, ಅದು ಬೇರೆ ವಿಷಯ. ಬಿ.ಸಿ. ರೋಡಿನಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕುಳಿತು ಸಾಫ್ಟ್‌ವೇರ್ ಬರೆಯುತ್ತೇನೆ. ಅಂದರೆ ಹೆಚ್ಚುಕಡಿಮೆ ದಿನವಿಡೀ ಬರೆಯುತ್ತೇನೆ!

ಕತೆ ಶುರುವಾದದ್ದು ಮುಂಡಾಜೆಯಲ್ಲಿರುವ ನನ್ನ ಮಾವನಿಂದ. ಮಾವ ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಬಿಳಿ ಪಂಚೆ ಉಟ್ಟು ಕುಳಿತಲ್ಲೇ ಬರೀ ಮಾತಿನಿಂದ ರಾಜನಾಗುವವರು, ಮಂತ್ರಿಯಾಗುವವರು. ಹೋದ ವರ್ಷ ಪಾರ್ಶ್ವವಾಯು ಬಂದು ಅವರ ನಾಲಗೆ ತೊದಲಿತು. ಮಾತಾಡಿದಷ್ಟೂ ಒಳ್ಳೆಯದು ಎಂದು ಡಾಕ್ಟರು ಹೇಳಿದರು. ಮಾವ ಮಾತ್ರ ಬಾಯಿಯನ್ನೇ ಮುಚ್ಚಿಬಿಟ್ಟರು. ಅಷ್ಟು ಚಂದ ಮಾತಾಡಿದ ಮನುಷ್ಯನಿಗೆ ತೊದಲುವುದೆಂದರೆ ನಾಚಿಕೆ.

ಅವರ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ನನ್ನ ಹೆಂಡತಿ ವಾಸಂತಿ ಕಂಪ್ಯೂಟರಿಗೆ ಇಳಿಸಿದಳು. ಅದನ್ನು ಕೇಳಿ ಅತ್ತೆ ಒಂದು ದಿನ ಹೇಳಿದರು, “ಇವರು ಅರ್ಥ ಹೇಳುವಾಗೆಲ್ಲ ನಾನು ಒಳಗೆ ಬಂದವರಿಗೆ ಚಾ ಮಾಡ್ತಾ ಇದ್ದೆ. ಒಂದು ಸಲವೂ ಕೂತು ಪೂರ್ತಿ ಕೇಳ್ಲಿಲ್ಲ. ಟಿ.ವಿ.ಯಲ್ಲಿ ಕೇಳುವ ಹಾಗೆ ಮಾಡಿ ಕೊಡ್ತೀರಾ? ತಮ್ಮದೇ ಸ್ವರ ಕೇಳಿದರೆ ಇವರಿಗೂ ಬಾಯಿ ಬಿಡುವ ಅಂತ ಕಾಣ್ತದೋ ಏನೋ.”

ನಮ್ಮ ಮನೆಮಾತು ತುಳು. ಓದುವವರಿಗೆ ಕಷ್ಟವಾಗಬಾರದೆಂದು ಇಲ್ಲಿ ಕನ್ನಡ ಮಾಡಿದ್ದೇನೆ. ಈ ಸಂಗತಿ ದಯವಿಟ್ಟು ನೆನಪಿರಲಿ, ನನ್ನ ಮಾನ ಹೋದದ್ದೇ ಅಲ್ಲಿ.

ಅತ್ತೆ ಕೇಳಿದ್ದು ಇಷ್ಟೇ. ನಾನು ಮಾಡಿದ್ದು ಒಂದು ಮೀಡಿಯಾ ಸೆಂಟರ್! ಹೆಸರು ‘ಚಾವಡಿ’. ಟಿ.ವಿ. ಪರದೆಯ ಮೇಲೆ ದೊಡ್ಡ ದೊಡ್ಡ ಗುಂಡಿಗಳು, ಒತ್ತಿದರೆ ಮಾವನ ಪ್ರಸಂಗ. ಅಂಗಡಿಯಲ್ಲಿದ್ದ ಒಂದು ಹಳೆಯ ಕಂಪ್ಯೂಟರ್ ಪೆಟ್ಟಿಗೆಗೆ ಅದನ್ನು ತುಂಬಿಸಿ ಮುಂಡಾಜೆಯಲ್ಲಿಟ್ಟು ಬಂದೆ. ಚೆನ್ನಾಗಿಯೇ ಇತ್ತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ಮರ್ಯಾದಸ್ಥ ಅಳಿಯನಾಗಿರುತ್ತಿದ್ದೆ.

ಲೋಕಕಲ್ಯಾಣಾರ್ಥವಾಗಿ ಚಾವಡಿಯನ್ನು ಇಂಟರ್‌ನೆಟ್ಟಿಗೂ ಹಾಕಿದೆ. ಎಲ್ಲೆಲ್ಲಿಂದಲೋ ಪತ್ರಗಳು ಬಂದವು. ನಮ್ಮ ಡಿಸ್ಟ್ರೋದಲ್ಲಿ ನಡೆಯುವುದಿಲ್ಲ, ಬೆಂಬಲ ಕೊಡಿ! ಲಿನಕ್ಸ್ ಅಂದರೆ ಸಾಂಬಾರಿನ ಹಾಗೆ. ಹೆಸರು ಒಂದೇ, ಪ್ರತಿ ಮನೆಯದ್ದು ಬೇರೆ ರುಚಿ. ಆ ಒಂದೊಂದು ರುಚಿಗೆ ಡಿಸ್ಟ್ರೋ ಎನ್ನುತ್ತಾರೆ. ಉಬುಂಟು, ಡೆಬಿಯನ್, ಫೆಡೋರಾ, ಇನ್ನೂ ಎಷ್ಟೋ. ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಎಲ್ಲರಿಗೂ ಬೆಂಬಲ ಘೋಷಿಸಿದೆ! ಒಂದರಲ್ಲಿ ಸರಿಮಾಡಿದರೆ ಇನ್ನೊಂದರಲ್ಲಿ ಸ್ವರ ಹೋಯಿತು, ಅದನ್ನು ಸರಿಮಾಡಿದರೆ ಮೂರನೆಯದರಲ್ಲಿ ಪರದೆಯೇ ಕಪ್ಪಾಯಿತು.

“ಸುಧಾರಿಸ್ಲಿಕ್ಕೆ ಆಗದವರು ಊರಿಗೆಲ್ಲ ಯಾಕೆ ಊಟದ ಹೇಳಿಕೆ ಕೊಟ್ಟದ್ದು?” ಎಂದಳು ವಾಸಂತಿ, ನನ್ನ ತಟ್ಟೆಗೆ ಪುನಃ ಗಂಜಿ ಬಡಿಸುತ್ತಾ. “ಒಂದೆರಡು ಇಟ್ಟುಕೊಂಡು ಬಾಕಿದ್ದನ್ನು ಬಿಡಿ, ಮಾರಾಯ್ರೆ.”

ಒಪ್ಪಿದೆ. ಉಬುಂಟು ಇಟ್ಟುಕೊಳ್ಳುವುದೋ, ಹಳೆಯ ಡೆಬಿಯನ್ನೋ? ಇಂಥ ಗಂಭೀರ ನಿರ್ಧಾರವನ್ನು ಬಳಕೆದಾರರ ಅಭಿಪ್ರಾಯ ಪಡೆಯದೆ ಕೈಗೊಳ್ಳಬಾರದು. ಆದ್ದರಿಂದ ಸಮೀಕ್ಷೆ ನಡೆಸಿದೆ. ನನಗೆ ಪರಿಚಯವಿದ್ದ ಬಳಕೆದಾರರು ಒಬ್ಬರೇ, ಅತ್ತೆ! ಸಮೀಕ್ಷೆಗೆ ಒಂದು ಘನತೆ ಇರಲಿ ಎಂದು ತುಳು ಬಿಟ್ಟು ಶುದ್ಧ ಕನ್ನಡದಲ್ಲಿ ಫೋನು ಮಾಡಿದೆ.

“ನಮಸ್ಕಾರ. ತಮ್ಮ ಪೆಟ್ಟಿಗೆಯಲ್ಲಿ ಉಬುಂಟು ಉಂಟಾ?”

ಅತ್ತ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಅತ್ತೆಯೂ ಕನ್ನಡದಲ್ಲಿ, “ಉಂಟು, ಉಂಟು.”

“ತೃಪ್ತಿಕರವಾಗಿ ಕೆಲಸ ಮಾಡುತ್ತಿದೆಯೇ?”

“ಧಾರಾಳ ಉಂಟು. ನೀವೂ ಊಟಕ್ಕೇ ಬನ್ನಿ.”

ಸಮೀಕ್ಷೆ ಮುಗಿಯಿತು. ಸಂಪೂರ್ಣ ಬಹುಮತ! ಉಬುಂಟು ಒಂದನ್ನಿಟ್ಟುಕೊಂಡು ಉಳಿದವನ್ನೆಲ್ಲ ಕೈಬಿಟ್ಟೆ. ಹೊಸ ಚಾವಡಿ ತಾನಾಗಿಯೇ ಎಲ್ಲರ ಪೆಟ್ಟಿಗೆಗೂ ಹೋಗುವ ಹಾಗೆ ಏರ್ಪಾಡು ಮಾಡಿದೆ.

ಮುಂದಿನ ಭಾನುವಾರ ಮಾವನ ಹುಟ್ಟುಹಬ್ಬ. ಅವರೊಂದಿಗೆ ವರ್ಷಗಟ್ಟಲೆ ತಾಳಮದ್ದಳೆಗೆ ಕುಳಿತ ಇಬ್ಬರು ಹಿರಿಯರನ್ನು ಅತ್ತೆ ಊಟಕ್ಕೆ ಕರೆದಿದ್ದರು. ಊಟ ಮುಗಿಯಿತು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಪಾತ್ರೆಗಳನ್ನು ಹಾಗೇ ಬಿಟ್ಟು, ಮೊಟ್ಟಮೊದಲ ಬಾರಿಗೆ ಎಲ್ಲರಿಗಿಂತ ಮುಂದೆ ಬಂದು ಕುಳಿತರು. ಮಾವ ಆರಾಮಕುರ್ಚಿಯಲ್ಲಿ, ಮುಖ ಕಿಟಕಿಯ ಕಡೆಗೆ. ನಾನು ಗತ್ತಿನಿಂದ ಗುಂಡಿ ಒತ್ತಿದೆ.

ಪರದೆಯ ತುಂಬ ಅಕ್ಷರ ಮೂಡಿತು. “ತಮಗೆ ಬೆಂಬಲವಿಲ್ಲ. ಕ್ಷಮಿಸಿ.”

ಹಿರಿಯರಲ್ಲಿ ಒಬ್ಬರು ಅದನ್ನು ಗಟ್ಟಿಯಾಗಿ ಓದಿಯೂ ಬಿಟ್ಟರು! ಆ ವಾಕ್ಯ ಬರೆದವನು ನಾನೇ. ‘ತಮಗೆ’ ಎಂದು ಬಹುವಚನ ಬೇರೆ ಹಾಕಿದ್ದೆ.

“ಅತ್ತೆ, ಇದರಲ್ಲಿ ಡೆಬಿಯನ್ ಉಂಟಲ್ಲ! ಯಾರು ಹಾಕಿದ್ದು?”

“ನೀವೇ,” ಎಂದಳು ವಾಸಂತಿ.

“ಮತ್ತೆ ನಾನು ಕೇಳಿದಾಗ ಉಬುಂಟು ಉಂಟು ಅಂತ ಹೇಳಿದ್ರಲ್ಲ, ಅತ್ತೆ?”

ಅತ್ತೆಯ ಮುಖ ಸಣ್ಣದಾಯಿತು. “ನೀವು ಕನ್ನಡದಲ್ಲಿ ಮಾತಾಡಿದ್ರಲ್ಲ. ಹತ್ತಿರ ಯಾರೋ ದೊಡ್ಡ ಜನ ಇದ್ದಾರೆ ಅಂತ ಮಾಡಿದೆ. ಅದು ಎಂತದು ಅಂತ ನನಗೆ ಗೊತ್ತಿಲ್ಲ. ಆದರೆ ಅವರ ಎದುರು ಅಳಿಯನ ಹತ್ತಿರ ಇಲ್ಲ ಅಂತ ಹೇಳುವುದು ಹೇಗೆ?”

ನಾನು ಧೈರ್ಯಗೆಡಲಿಲ್ಲ. ಧೈರ್ಯಗೆಟ್ಟಿದ್ದರೆ ಎಷ್ಟೋ ಒಳ್ಳೆಯದಿತ್ತು! “ಒಂದು ನಿಮಿಷ, ಈಗಲೇ ಉಬುಂಟು ಹಾಕುವ,” ಎಂದು ಬ್ಯಾಗಿನಿಂದ ಸಾಮಗ್ರಿ ತೆಗೆದೆ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ ಎಂದು ಪೆಟ್ಟಿಗೆ ಕೇಳಿತು. ತಜ್ಞರು ಇಂಥದ್ದನ್ನೆಲ್ಲ ಓದುತ್ತಾ ಕೂರುವುದಿಲ್ಲ. ಹೌದು ಎಂದೆ.

“ಅಪ್ಪನ ಪ್ರಸಂಗ ಎಲ್ಲಿತ್ತು?” ವಾಸಂತಿ ಮೆಲ್ಲಗೆ ಕೇಳಿದಳು.

“ಡಿಸ್ಕಿನಲ್ಲಿ,” ಎಂದೆ. ಎಂದ ಮೇಲೆ ಗೊತ್ತಾಯಿತು.

ಅಯ್ಯೋ ದೇವರೇ! ಇಡೀ ಆಯುಷ್ಯ ಚಾ ಮಾಡಿದ ಹೆಂಗಸು ಇವತ್ತೊಂದು ದಿನ ಕೇಳಲೆಂದು ಕುಳಿತಿದ್ದಾರೆ, ನಾನು ಆ ಸ್ವರವನ್ನೇ ಒರೆಸಿಬಿಟ್ಟೆ. ಅತ್ತೆ, “ಪರವಾಗಿಲ್ಲ, ಚಾ ಮಾಡ್ತೇನೆ,” ಎಂದು ಏಳಲು ಹೊರಟರು. ಆ ಮಾತು ಕೇಳಿ ನನಗೆ ಅಳುವೇ ಬಂತು.

“ಕೂತ್ಕೊ ಅಮ್ಮ,” ಎಂದಳು ವಾಸಂತಿ. ತನ್ನ ಪರ್ಸಿನಿಂದ ಒಂದು ಪೆನ್‌ಡ್ರೈವ್ ತೆಗೆದಳು. ಟಿ.ವಿ.ಯ ಹಿಂದೆ ಕೈ ಹಾಕಿ ಸೀದಾ ಚುಚ್ಚಿದಳು. ರಿಮೋಟ್ ಒತ್ತಿದಳು.

ಮದ್ದಳೆ ನುಡಿಯಿತು!

“ಅದು ಹೀಗೆ ಬರ್ತದೆ ಅಂತ ನಿನಗೆ ಯಾವಾಗ ಗೊತ್ತಾದದ್ದು?” ಎಂದು ಪಿಸುಗುಟ್ಟಿದೆ.

“ಮೊದಲೇ. ನೀವು ಅಷ್ಟು ಖುಷಿಯಲ್ಲಿ ಬರೀತಾ ಇದ್ರಲ್ಲ, ಹೇಳುವ ಅಂತ ಕಾಣ್ಲಿಲ್ಲ.”

ಟಿ.ವಿ.ಯಿಂದ ಮಾವನ ಸ್ವರ ಬಂತು. ತುಂಬಿದ ಸ್ವರ. ಆ ದಿನ ಅವರದು ಮಂತ್ರಿಯ ಪಾತ್ರ. ನ್ಯಾಯದ ಮೇಲೆ ನ್ಯಾಯ ಜೋಡಿಸಿ ರಾಜನನ್ನು ಮೂಲೆಗೆ ನೂಕುತ್ತಿದ್ದರು. ಅತ್ತೆ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು. ಕುರ್ಚಿಯಲ್ಲಿದ್ದ ಮಾವ ಮೊದಲು ಕಿಟಕಿಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲನೆ ಈಚೆ ತಿರುಗಿದರು. ಮಂತ್ರಿ ಸ್ವರ ಏರಿಸಿ ಕೇಳಿದ, “ಮಹಾಪ್ರಭೂ, ನನ್ನ ಈ ಒಂದು ಪ್ರಶ್ನೆಗೆ ತಮ್ಮಲ್ಲಿ ಉತ್ತರ ಉಂಟೋ?”

ರಾಜ ಉತ್ತರಿಸುವ ಮೊದಲೇ ಕುರ್ಚಿಯಿಂದ ಒಂದು ಸ್ವರ ಬಂತು.

“ಉಂ... ಟು.”

ತುಳುವಿನ ‘ಉಂಡು’ ಅಲ್ಲ, ಕನ್ನಡದ ‘ಉಂಟು’. ಮನೆಯಲ್ಲಿ ಎಂದೂ ಕನ್ನಡ ಆಡದ ಮನುಷ್ಯ ಕೂಟದಲ್ಲಿ ಕುಳಿತವರಂತೆ ಉತ್ತರ ಕೊಟ್ಟಿದ್ದರು! ಹಿರಿಯರಿಬ್ಬರೂ “ಭಲೇ!” ಎಂದರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರೋ ಅತ್ತರೋ ತಿಳಿಯಲಿಲ್ಲ. ನಾನಂತೂ ಅತ್ತೆ.. ಅಲ್ಲಲ್ಲ, ನಾನು ಅತ್ತೇಬಿಟ್ಟೆ, ವಾಸಂತಿಯ ಕರವಸ್ತ್ರವನ್ನೇ ಕೇಳಿ ಪಡೆದು.

ಪ್ರಸಂಗ ಮುಗಿಯಿತು. ಒಮ್ಮೆ ತೆರೆದ ಬಾಯಿಯನ್ನು ಮಾವ ಮತ್ತೆ ಮುಚ್ಚುವ ಅಂದಾಜಿನಲ್ಲಿರಲಿಲ್ಲ. ಟಿ.ವಿ.ಯ ಕೆಳಗಿದ್ದ ನನ್ನ ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು. ಅದರ ಮೇಲೆ ಅತ್ತೆ ಚಂದದ ಕಸೂತಿ ಬಟ್ಟೆ ಹಾಸಿ ಹೂದಾನಿ ಇಟ್ಟಿದ್ದರು.

“ಅದು... ಎಂತ?”

ಎಲ್ಲರೂ ನನ್ನ ಮುಖ ನೋಡಿದರು. ಈ ಸಲ ನಾನು ಕನ್ನಡದ ಸಹವಾಸಕ್ಕೆ ಹೋಗಲಿಲ್ಲ. ತುಳುವಿನಲ್ಲೇ, ಆದಷ್ಟು ಸಣ್ಣ ಸ್ವರದಲ್ಲಿ ಹೇಳಿದೆ.

“ಸ್ಟ್ಯಾಂಡ್, ಮಾವ. ಹೂದಾನಿಗೆ.”