ಮಾಪಕದ ಮುಸುಕನ್ನು ಮರಳಿ ಹೊದಿಸುವ ಬಗ್ಗೆ

ಸುತ್ತೋಲೆ

ಸಂಖ್ಯೆ: ಗಾಮಾಕ/ಮುಸುಕು/೧೪/ಮರುನೆನಪು-೩
ದಿನಾಂಕ: ಈ ತಿಂಗಳ ೧೭

ವಿಷಯ: ಕಚೇರಿ ತಾರಸಿಯ ಗಾಳಿ ಮಾಪಕಕ್ಕೆ ಮುಸುಕು ಹೊದಿಸುವುದು ಹಾಗೂ ತನ್ಮೂಲಕ ಪ್ರದೇಶದ ಗಾಳಿಯನ್ನು ಮೊದಲಿನ ಸ್ಥಿತಿಗೆ ತರುವುದು.

ಉಲ್ಲೇಖ: (೧) ಹಿಂದಿನ ಎಂಟು ವರ್ಷಗಳ ಉತ್ತಮ ಗಾಳಿ.
(೨) ಮಾಪಕ ಸಹಾಯಕಿಯವರ ಮೌಖಿಕ ಉದ್ಧಟತನ, ಸೋಮವಾರ ಬೆಳಿಗ್ಗೆ.

ಪೀಠಿಕೆ:

ತಾರಸಿಯ ಮಾಪಕವು ನಾಜೂಕು ಯಂತ್ರವಾಗಿದ್ದು, ಅದಕ್ಕೆ ಧೂಳು ಹಿಡಿಯಬಾರದೆಂಬ ಕಾಳಜಿಯಿಂದ ಹಿಂದಿನ ಸಹಾಯಕರು ಕೈಯಾರೆ ರೆಕ್ಸಿನ್ ಮುಸುಕೊಂದನ್ನು ಹೊಲಿದು, ಬಾಯಿಗೆ ದಾರ ಬಿಗಿದು, ನಿವೃತ್ತರಾಗುವವರೆಗೆ ಎಂಟು ವರ್ಷ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿರುತ್ತಾರೆ. ಆ ಅವಧಿಯಲ್ಲಿ ಅಳತೆಯು ಹನ್ನೆರಡನ್ನು ದಾಟಿರುವುದಿಲ್ಲ. (ಅಂಕಿ ಹೆಚ್ಚಿದಷ್ಟೂ ಗಾಳಿ ಕೆಟ್ಟದ್ದೆಂದು ತಿಳಿಯುವುದು.) ಇದಕ್ಕಾಗಿ ದೊರೆತ ಪ್ರಶಸ್ತಿ ಫಲಕವು ನಿರ್ದೇಶಕರ ಕುರ್ಚಿಯ ಹಿಂದಿನ ಗೋಡೆಯಲ್ಲಿ ಇರುತ್ತದೆ.

ಕಳೆದ ತಿಂಗಳು ಕೆಲಸಕ್ಕೆ ಸೇರಿದ ಹೊಸ ಸಹಾಯಕಿಯವರು ಯಾರನ್ನೂ ಕೇಳದೆ ದಾರ ಬಿಚ್ಚಿದ್ದು, ಅಂದೇ ಮಾಪಕದ ಅಂಕಿ ಇನ್ನೂರ ಎಂಬತ್ತಾರಕ್ಕೆ ಏರಿದೆ. ಸದರಿಯವರು ಬರುವವರೆಗೆ ಗಾಳಿ ಚೆನ್ನಾಗಿತ್ತು, ಬಂದ ಮೇಲೆ ಕೆಟ್ಟಿದೆ. ಆದುದರಿಂದ ಗಾಳಿ ಕೆಡಿಸಿದವರು ಯಾರೆಂದು ತನಿಖೆ ಮಾಡುವ ಅಗತ್ಯ ಕಂಡುಬಂದಿರುವುದಿಲ್ಲ.

ವಿವರಣೆ ಕೇಳಲಾಗಿ ಸದರಿಯವರು, "ಸಾರ್, ಮೂಗು ಮುಚ್ಚಿಕೊಂಡವರ ಹತ್ತಿರ ವಾಸನೆ ಹೇಗಿದೆ ಅಂತ ಕೇಳಿದ ಹಾಗಾಯ್ತು ಇದು. ಇಟ್ಟಿಗೆ ಗೂಡಿನ ಪಕ್ಕದ ಶಾಲೇಲಿ ನನ್ನ ಮಗಳು ಓದ್ತಾಳೆ. ಸಂಜೆ ಮನೆಗೆ ಬಂದರೆ ಮಾತಿಗಿಂತ ಕೆಮ್ಮೇ ಜಾಸ್ತಿ. ನೀವೇ ಒಂದ್ಸಲ ಮೇಲೆ ಬಂದು ನೋಡಿ" ಎಂದಿರುತ್ತಾರೆ. ನಿರ್ದೇಶಕರು ಮೇಲೆ ಹೋಗಿರುವುದಿಲ್ಲ. ತಾರಸಿಯಲ್ಲಿ ಹೊಗೆ ಜಾಸ್ತಿ ಎಂದು ಅವರ ವೈದ್ಯರು ತಡೆದಿರುತ್ತಾರೆ.

ಅಳತೆ ಇನ್ನೂರು ದಾಟಿದ ದಿನ ಸದರಿ ಗೂಡಿನ ಬೆಂಕಿಯನ್ನು ಆರಿಸತಕ್ಕದ್ದೆಂಬ ನಿಯಮವಿರುವುದು ನಿಜ. ಆದರೆ ಮಾಪಕ ಸಹಾಯಕರು ದಿನಾಂಕ, ಸಮಯ ನಮೂದಿಸಿ ಸಹಿ ಮಾಡಿದ ಅಂಕಿಯನ್ನು ಮಾತ್ರ ಅಳತೆ ಎನ್ನಲಾಗುವುದರಿಂದ, ಮುಂಜಾಗ್ರತೆಯಾಗಿ, ಸಹಿ ಬೀಳುವ ಮೊದಲೇ ಅಳತೆ ಪುಸ್ತಕವನ್ನು ನಿರ್ದೇಶಕರ ಬೀರುವಿನಲ್ಲಿಟ್ಟು ಬೀಗ ಹಾಕಲಾಗಿದೆ. ಅದರಂತೆ ಈ ಕೆಳಕಂಡ ಆದೇಶಗಳನ್ನು ಹೊರಡಿಸಲಾಗಿದೆ:

೧. ಮುಸುಕನ್ನು ಕೂಡಲೇ ಹೊದಿಸತಕ್ಕದ್ದು. ದಾರಕ್ಕೆ ಎರಡು ಗಂಟು. ಮೇಲಿನ ಗಂಟಿಗೆ ನಿರ್ದೇಶಕರು, ಕೆಳಗಿನದಕ್ಕೆ ಮುಖ್ಯ ಗುಮಾಸ್ತರು ಜವಾಬ್ದಾರರು.

೨. ಅಳತೆಗೆ ಒಳಪಡಲು ಇಚ್ಛಿಸುವ ಗಾಳಿಯು ಕಚೇರಿ ವೇಳೆಯಲ್ಲಿ, ಮುಂಬಾಗಿಲಿನಿಂದ ಬರತಕ್ಕದ್ದು. ಕಿಟಕಿಯಿಂದ ನುಗ್ಗಿದ್ದನ್ನು ಖಾಸಗಿ ಗಾಳಿಯೆಂದು ಪರಿಗಣಿಸಲಾಗುವುದು.

೩. ಗೂಡಿನಿಂದ ಹೊರಟು ಶಾಲೆಯತ್ತ ಸಾಗುವ ಹೊಗೆಯು ತಾನು ಹೊಗೆಯೆಂದು ಲಿಖಿತವಾಗಿ ಒಪ್ಪುವವರೆಗೆ ಅದನ್ನು ಮೋಡವೆಂದೇ ಕರೆಯತಕ್ಕದ್ದು.

೪. ಕಿಟಕಿಯ ಅಂಚಿನಲ್ಲಿ ಬೆರಳಾಡಿಸಿ, ಕಪ್ಪಾದ ಬೆರಳನ್ನು ಕಚೇರಿಗೆ ತಂದು ತೋರಿಸುವುದನ್ನು ನಿಷೇಧಿಸಲಾಗಿದೆ. ತೀರಾ ಅನಿವಾರ್ಯವಾದಲ್ಲಿ ಬೆರಳಿನ ಮೂರು ದೃಢೀಕೃತ ಪ್ರತಿಗಳನ್ನು ಲಗತ್ತಿಸುವುದು.

೫. ಒಣಹಾಕಿದ ಬಿಳಿ ಬಟ್ಟೆ ಬೂದುಬಣ್ಣಕ್ಕೆ ತಿರುಗಿದರೆ ಅದು ಬಟ್ಟೆಯ ವೈಯಕ್ತಿಕ ವಿಚಾರ. ಎದುರು ಬೀದಿಯ ಇಸ್ತ್ರಿಯವರು ಈ ಬಗ್ಗೆ ಊರೆಲ್ಲ ಡಂಗುರ ಸಾರುತ್ತಿರುವುದನ್ನು ಗಂಭೀರವಾಗಿ ಗಮನಿಸಲಾಗಿದೆ.

೬. ಪ್ರಶಸ್ತಿ ಬಂದ ನಂತರವೂ ಶಾಲಾ ಮಕ್ಕಳು ಕೆಮ್ಮುವುದು ಕಚೇರಿಯ ಹೆಸರಿಗೆ ಮಸಿ ಬಳಿದಂತೆ. ಕೆಮ್ಮಲೇಬೇಕಿದ್ದಲ್ಲಿ ಹಾಜರಿ ಕರೆಯುವಾಗ ತಂತಮ್ಮ ಸರದಿಯಲ್ಲಿ, ಒಬ್ಬರಿಗೆ ಒಂದರಂತೆ ಕೆಮ್ಮತಕ್ಕದ್ದು. ಗೈರುಹಾಜರಾದವರ ಪರವಾಗಿ ಗೆಳೆಯರು ಕೆಮ್ಮುವಂತಿಲ್ಲ.

೭. ಸಾರ್ವಜನಿಕರು ಕಳೆದ ಎಂಟು ವರ್ಷಗಳ ಸರಾಸರಿ ಗಾಳಿಯನ್ನೇ ಉಸಿರಾಡುವಂತೆ ಈ ಮೂಲಕ ಸೂಚಿಸಲಾಗಿದೆ. ಇಂದಿನ ಗಾಳಿಯನ್ನು ಉಸಿರಾಡಿದವರು ಪರಿಣಾಮಕ್ಕೆ ತಾವೇ ಹೊಣೆ.

೮. ಸಿಬ್ಬಂದಿ ಪ್ರತಿಯೊಬ್ಬರೂ ಈ ಮೂಲ ಪ್ರತಿಯ ಮೇಲೆಯೇ ದಿನಾಂಕ, ಸಮಯ ಬರೆದು ಸ್ವೀಕೃತಿ ಸಹಿ ಮಾಡತಕ್ಕದ್ದು. ಸ್ವೀಕೃತಿಯಲ್ಲಿ ಬರೆದದ್ದೆಲ್ಲವೂ ಸುತ್ತೋಲೆಯ ಅಂಗವೆಂಬ ಈ ಕಚೇರಿಯ ಹಳೆಯ ಪದ್ಧತಿಯಲ್ಲಿ ಬದಲಾವಣೆ ಇರುವುದಿಲ್ಲ.

ಸಹಿ/-
ನಿರ್ದೇಶಕರು

ಸ್ವೀಕೃತಿ:

ಟೈಪಿಸ್ಟ್: ಟೈಪು ಮಾಡಿದ್ದೇ ನಾನು. ೧೭ನೇ ತಾರೀಖು, ೧೦.೧೨. ಸಹಿ/-
ಕಾವಲುಗಾರ: ಓದಿಸಿ ಕೇಳಿದೆ. ಅರ್ಥ ಆಗಲಿಲ್ಲ, ಒಪ್ಪಿಗೆ ಇದೆ. ೧೭ನೇ ತಾರೀಖು, ೧೦.೧೮. ಸಹಿ/-
ಮಾಪಕ ಸಹಾಯಕಿ: ತಲುಪಿತು. ಮುಸುಕು ಹೊದಿಸುವ ಮೊದಲು ಮಾಪಕ ನೋಡಿದೆ: ೩೧೨. ೧೭ನೇ ತಾರೀಖು, ೧೦.೨೫. ಸಹಿ/-

ಮುಖ್ಯ ಗುಮಾಸ್ತರ ಟಿಪ್ಪಣಿ: ಮೇಲಿನ ಕೊನೆಯ ಸಾಲಿನಲ್ಲಿ ಅಂಕಿ, ದಿನಾಂಕ, ಸಮಯ, ಸಹಿ ನಾಲ್ಕೂ ಇರುವುದು ರವಾನೆ ವೇಳೆ ಕಂಡುಬಂದಿದೆ. ಹೊಡೆದುಹಾಕಲು ನಿಯಮವಿಲ್ಲ. ಅಂಥ ನಿಯಮ ಹುಡುಕಲು ಮನಸ್ಸೂ ಆಗಿರುವುದಿಲ್ಲ.

ಪ್ರತಿಗಳು:

೧. ನಿವೃತ್ತ ಸಹಾಯಕರಿಗೆ, ಹೊಲಿಗೆಯನ್ನು ಮೆಚ್ಚಿ.
೨. ಇಸ್ತ್ರಿಯವರಿಗೆ, ಬಾಯಿಗೆ ಬೀಗ ಹಾಕಿಕೊಳ್ಳಲು.
೩. ಗಾಳಿಗೆ. ವಿಳಾಸ ದೊರೆಯದ ಕಾರಣ ಗೇಟಿಗೆ ಅಂಟಿಸಲಾಗಿದೆ.
೪. ನಿರ್ದೇಶಕರಿಗೆ. ಮೂಲಕ್ಕೆ ತಾವೇ ಸಹಿ ಮಾಡಿರುವುದರಿಂದ ಪ್ರತಿ ಕಳುಹಿಸಿರುವುದಿಲ್ಲ.
೫. ಇಟ್ಟಿಗೆ ಗೂಡಿನ ಮಾಲೀಕರಿಗೆ, ಈ ದಿನದ ಅಳತೆ ೩೧೨ ಆಗಿರುವುದರಿಂದ ಪತ್ರ ಕೈಸೇರಿದ ಕೂಡಲೇ ಬೆಂಕಿ ಆರಿಸಲು.