ತೊಳೆಯೋಕೆ ಒಂದು ಕಾಲು ಕೊಡಿ!

ಈ ಸಲ ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಮುಗಿಯುವುದರೊಳಗೆ ನಮ್ಮ ಚರ್ಚಿನ ಅತ್ಯಂತ ವಿನಯವಂತ ಮನುಷ್ಯ ನಾನೇ ಆಗಿಬಿಡಬೇಕು ಎಂದು ತೀರ್ಮಾನಿಸಿದ್ದೆ. ವಿನಯದಲ್ಲಿ ನನ್ನನ್ನು ಮೀರಿಸುವವನು ಇನ್ನು ಹುಟ್ಟಿಬರಬೇಕು!

ಇದಕ್ಕೆಲ್ಲ ಆ ವಾರದ ಮೊದಲ ದಿನ, ಗರಿಗಳ ಭಾನುವಾರ, ಫಾದರ್ ಹೇಳಿದ ಮಾತೇ ಕಾರಣ. "ಯೇಸು ಶಿಷ್ಯರ ಕಾಲು ತೊಳೆದದ್ದನ್ನ ಗುರುವಾರ ಇಲ್ಲಿ ನೆನಪು ಮಾಡ್ಕೊಂಡು ಸುಮ್ಮನೆ ಮನೆಗೆ ಹೋದ್ರೆ ಸಾಲದು. ಮನೇಲಿ ಒಬ್ಬರ ಕಾಲು ನೀವೂ ತೊಳೀರಿ. ಅದರಿಂದ ಏನು ಪಾಠ ಸಿಕ್ತು ಅಂತ ಈಸ್ಟರ್ ದಿನ ಎದ್ದು ನಿಂತು ಯಾರು ಹೇಳ್ತೀರಿ?" ಎಂದರು. ಎಲ್ಲರೂ ತಲೆ ತಗ್ಗಿಸಿದರು. ನನ್ನ ಕೈ ಮಾತ್ರ ಮೇಲೆ ಹೋಯಿತು. ಹೋಗದೆ ಏನು? ನಾನು ಬೂಟು-ಚಪ್ಪಲಿ ಅಂಗಡಿಯ ಸೇಲ್ಸ್‌ಮನ್. ಬೆಳಗಿನಿಂದ ಸಂಜೆಯವರೆಗೆ ಮಂಡಿಯೂರಿ ಕಂಡಕಂಡವರ ಕಾಲು ಹಿಡಿಯುವುದೇ ನನ್ನ ಕಸುಬು. ಹೆಂಡತಿಯ ಎರಡು ಕಾಲು ಯಾವ ಲೆಕ್ಕ!

ಗುರುವಾರ ಅರ್ಧ ದಿನ ರಜೆ ಹಾಕಿದೆ. ಕೈಯಲ್ಲಿ ಬಿಸಿನೀರಿನ ಟಬ್ಬು, ಹೆಗಲ ಮೇಲೆ ಟವೆಲ್ಲು, ಮುಖದಲ್ಲಿ ಸಂತನ ಕಳೆ ಹೊತ್ತು ಹಾಲಿಗೆ ಬಂದೆ. ಹೆಂಡತಿ ಸೋಫಾದಲ್ಲಿ ಕೂತು ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ಕಾಲು ಕೊಡು."

"ಯಾಕೆ?"

"ತೊಳೀತೀನಿ."

ಸೂಜಿ ಅಲ್ಲೇ ನಿಂತಿತು. ಅವಳು ಎರಡೂ ಕಾಲನ್ನು ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು.

"ಏನು ಮಾಡ್ಕೊಂಡು ಬಂದಿದ್ದೀರಿ? ಮೊದ್ಲು ಅದನ್ನ ಹೇಳಿ."

"ಏನೂ ಇಲ್ಲ ಕಣೇ! ಇದು ಪ್ರೀತಿ, ಸೇವೆ, ವಿನಯ!"

"ಒಂದೇ ಸಲಕ್ಕೆ ಮೂರೂ? ಹಾಗಾದ್ರೆ ವಿಷಯ ದೊಡ್ಡದೇ. ಅತಿ ವಿನಯ ಧೂರ್ತ ಲಕ್ಷಣ ಅಂತ ದೊಡ್ಡವರು ಸುಮ್ನೆ ಹೇಳಿಲ್ಲ. ಕೆಲಸ ಹೋಯ್ತಾ?"

"ಇಲ್ಲ!"

"ಮತ್ತೆ? ನೀವು ಇವತ್ತಿನವರೆಗೆ ಯಾರ ಕಾಲನ್ನ ಬಿಟ್ಟಿಯಾಗಿ ಮುಟ್ಟಿದ್ದೀರಿ? ನೀವು ಮುಟ್ಟಿದ ಮೇಲೆ ಬಿಲ್ ಬಂದೇ ಬರುತ್ತೆ. ನನಗೇನು ಮಾರೋಕೆ ಹೊರಟಿದ್ದೀರಿ?"

ಇನ್ನು ಮಾತಿನಿಂದ ಪ್ರಯೋಜನವಿಲ್ಲ ಎಂದು ಮಂಡಿಯೂರಿ ಒಂದು ಕಾಲನ್ನು ಹಿಡಿದೇಬಿಟ್ಟೆ. ಅಭ್ಯಾಸಬಲ ನೋಡಿ, ಬಾಯಿಂದ ತಾನಾಗಿಯೇ ಬಂತು: "ಹೆಬ್ಬೆರಳ ಹತ್ರ ಬಿಗಿ ಅನ್ಸುತ್ತಾ ಮೇಡಂ?"

ಕಾಲು ನನ್ನ ಕೈಯಿಂದ ಸರಕ್ಕನೆ ಬಿಡಿಸಿಕೊಂಡಿತು. "ಮೇಡಂ? ಯಾವ ಮೇಡಂ ಅದು?"

"ಅಂಗಡಿಗೆ ಬರೋರೆಲ್ಲ ಮೇಡಮ್ಮೇ ಕಣೇ!"

"ಎಲ್ಲರೂನಾ!"

ಇವಳ ಕಾಲು ಸಿಗುವ ಲಕ್ಷಣವಿರಲಿಲ್ಲ. ಪಾಠ ಕಲಿಯಲು ಒಂದು ಕಾಲು ಬೇಕು, ಅದು ಯಾರದ್ದಾದರೇನು? ಟಬ್ಬು ಹೊತ್ತು ಒಳಗಿನ ಕೋಣೆಗೆ ನಡೆದೆ. ಅಲ್ಲಿ ಅತ್ತೆ ಕಿಟಕಿ ಪಕ್ಕ ಜಪಮಣಿ ಹಿಡಿದು ಕೂತಿದ್ದರು.

"ಅತ್ತೆ, ನಿಮ್ಮ ಪಾದ ತೊಳೆಯೋ ಭಾಗ್ಯ ನನಗೆ ಕೊಡಿ."

ಅತ್ತೆ ನನ್ನನ್ನು ನೋಡಿದರು, ಟಬ್ಬನ್ನು ನೋಡಿದರು. ಆಮೇಲೆ ಸದ್ದಿಲ್ಲದೆ ಎದ್ದು, ಕಪಾಟಿನಿಂದ ಬಟ್ಟೆ ತೆಗೆದು ಬ್ಯಾಗಿಗೆ ತುಂಬತೊಡಗಿದರು.

"ಇದೇನತ್ತೆ?"

"ಹೊರಡಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು ಅಳಿಯಂದಿರೇ. ಇಷ್ಟೊಂದು ಮರ್ಯಾದೆ ಯಾಕೆ ಮಾಡ್ಬೇಕಿತ್ತು?"

ಅಷ್ಟರಲ್ಲಿ ಹೆಂಡತಿ ತನ್ನ ತಮ್ಮನಿಗೆ ಫೋನು ಮಾಡಿಯಾಗಿತ್ತು. ಓಡಿಬಂದು ಅದನ್ನು ನನ್ನ ಕಿವಿಗೆ ಒತ್ತಿದಳು. ಆ ಕಡೆ ಬಾಮೈದ ಆಗಲೇ ಅಳುತ್ತಿದ್ದ.

"ಭಾವ, ನನ್ನ ಹತ್ರ ಮುಚ್ಚಿಡಬೇಡಿ. ಡಾಕ್ಟರ್ ಇನ್ನೆಷ್ಟು ದಿನ ಅಂದ್ರು?"

"ಅಯ್ಯೋ! ಈ ಮನೇಲಿ ಒಳ್ಳೆಯವನಾಗೋಕೂ ಡಾಕ್ಟರ್ ಚೀಟಿ ಬೇಕಾ?" ಎಂದು ಗುಡುಗಿದೆ. ಗುಡುಗಿದ ರಭಸಕ್ಕೆ ಒಂದು ಹೆಜ್ಜೆ ಹಿಂದಕ್ಕಿಟ್ಟೆ. ನಾನು ಇಳಿಸಿಟ್ಟ ಟಬ್ಬು ಅಲ್ಲೇ ಇತ್ತು! ಒಂದು ಕಾಲು ಅದರೊಳಗೆ, ಇನ್ನೊಂದು ಗಾಳಿಯಲ್ಲಿ. ಮರುಕ್ಷಣವೇ ಅತ್ತೆಯ ಬ್ಯಾಗು ನೀರಿನಲ್ಲಿತ್ತು, ನಾನು ನೆಲದ ಮೇಲಿದ್ದೆ. ವಿನಯದಲ್ಲಿ ನೆಲಕ್ಕಿಂತ ಕೆಳಗೆ ಇಳಿಯಲು ಯಾರಿಂದಲೂ ಸಾಧ್ಯವಿಲ್ಲ!

ಕಾಲು ಉಳುಕಿತ್ತು. ನಿಜ ಹೇಳುತ್ತೇನೆ, ಅದಕ್ಕಿಂತ ಹೆಚ್ಚು ಮನಸ್ಸು ನೊಂದಿತ್ತು. ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ನನ್ನ ಒಂದೇ ಒಂದು ಒಳ್ಳೆಯ ಕೆಲಸವನ್ನು ನಂಬಲು ಆಗಲಿಲ್ಲವಲ್ಲ!

ಹೆಂಡತಿ ನನ್ನ ತೋಳು ಹಿಡಿದು ಎಬ್ಬಿಸಿ ಸೋಫಾದಲ್ಲಿ ಕೂರಿಸಿದಳು. ಅದೇ ಟಬ್ಬಿಗೆ ಹೊಸದಾಗಿ ಬಿಸಿನೀರು ತುಂಬಿ, ಉಪ್ಪು ಹಾಕಿ ತಂದು, ನೆಲದ ಮೇಲೆ ಕೂತು ನನ್ನ ಕಾಲನ್ನು ಮೆಲ್ಲಗೆ ಅದರೊಳಗಿಟ್ಟಳು. ಬೆರಳ ಸಂದಿಯನ್ನೂ ಬಿಡದೆ ತೊಳೆಯತೊಡಗಿದಳು. ಒಂದು ಬೈಗುಳವಿಲ್ಲ, ಒಂದು ಕೊಂಕಿಲ್ಲ!

ನಾನು ಗಾಬರಿಯಿಂದ ಕಾಲನ್ನು ಮೇಲಕ್ಕೆಳೆದುಕೊಂಡೆ.

"ಏನೇ ಇದು? ಏನು ಮಾಡ್ಕೊಂಡಿದ್ದೀಯ? ಮೊದ್ಲು ಅದನ್ನ ಹೇಳು!"

ಅವಳು ಆ ಕಾಲನ್ನು ಹಿಡಿದು ಮತ್ತೆ ನೀರಿಗೆ ಹಾಕಿದಳು.

"ಮದುವೆಯಾದಾಗಿನಿಂದ ದಿನಾ ನಿಮ್ಮ ಸಾಕ್ಸ್ ಒಗೀತಿದ್ದೀನಲ್ಲ, ಆಗ ಒಂದು ದಿನಾನಾದ್ರೂ ಅನುಮಾನ ಬಂದಿತ್ತಾ?"